ಬೀಗ ಊರಿಗೆಲ್ಲ, ಕೀಲಿಕೈ ನಮ್ಮಲ್ಲಿ
ವ್ಯಾಪಾರದ ಇ-ಮೇಲ್‌ಗೆ ಜೋಡಿ ಕೀಲಿಗಳ ರಕ್ಷಣೆ

ಚಿಕ್ಕಪೇಟೆಯ ಹಳೆಯ ಜವಳಿ ಅಂಗಡಿಗಳಲ್ಲಿ ಸೀರೆಗೆ ಕಟ್ಟಿದ ಚೀಟಿಯ ಮೂಲೆಯಲ್ಲಿ ಎರಡು ಮೂರು ಅಕ್ಷರಗಳನ್ನು ಬರೆದಿಡುವ ಪದ್ಧತಿ ನಮ್ಮ ಓದುಗರಿಗೆ ಹೊಸದೇನಲ್ಲ. ಗಿರಾಕಿಗೆ ಅದು ಅರ್ಥವಿಲ್ಲದ ಗೀಚು. ಗಲ್ಲಾದ ಬಳಿ ಕುಳಿತ ಯಜಮಾನರಿಗೆ ಅದೇ ಸರಕಿನ ಅಸಲು ಬೆಲೆ. ಹತ್ತು ಬೇರೆ ಬೇರೆ ಅಕ್ಷರಗಳನ್ನು ಆರಿಸಿಕೊಂಡು ಒಂದೊಂದು ಅಕ್ಷರಕ್ಕೆ ಒಂದೊಂದು ಅಂಕಿಯನ್ನು ಗೊತ್ತು ಮಾಡಿಕೊಂಡರೆ ಈ ಗುಟ್ಟಿನ ಲಿಪಿ ಸಿದ್ಧ. ದನದ ಜಾತ್ರೆಗಳಲ್ಲಿ ದಲ್ಲಾಳಿಗಳು ಟವಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವುದೂ ಇದೇ ಜಾತಿಯದು. ವ್ಯಾಪಾರಕ್ಕೆ ಗುಟ್ಟು ಬೇಕೆಂಬುದನ್ನು ನಮ್ಮವರಿಗೆ ಯಾರೂ ಕಲಿಸಬೇಕಾಗಿಲ್ಲ.

ಆದರೆ ಇಂತಹ ಲಿಪಿಗಳಿಗೆಲ್ಲ ಒಂದು ಕೊರತೆಯಿದೆ. ಬರೆಯುವವನಿಗೆ ತಿಳಿದಿರುವ ಗುಟ್ಟೇ ಓದುವವನಿಗೂ ತಿಳಿದಿರಬೇಕು. ಗುಟ್ಟನ್ನು ಬಲ್ಲ ಗುಮಾಸ್ತ ಮುನಿಸಿಕೊಂಡು ಎದುರಂಗಡಿ ಸೇರಿದನೆಂದರೆ ಮರುದಿನವೇ ಅಷ್ಟೂ ಚೀಟಿಗಳನ್ನು ಬದಲಿಸಬೇಕು. ತಂತಿಯ ಕಾಲದಲ್ಲಿ ದೊಡ್ಡ ವ್ಯಾಪಾರಿ ಸಂಸ್ಥೆಗಳು ತಾವು ಯಾವ ಸಂಕೇತ ಪುಸ್ತಕವನ್ನು ಬಳಸುತ್ತೇವೆಂಬುದನ್ನು ಪತ್ರದ ಶಿರೋಭಾಗದಲ್ಲಿಯೇ ಅಚ್ಚು ಹಾಕಿಸುತ್ತಿದ್ದವು. ಅದರಿಂದ ತಂತಿಯ ಖರ್ಚು ಉಳಿಯುತ್ತಿತ್ತು. ಗುಟ್ಟು ಉಳಿಯುತ್ತಿರಲಿಲ್ಲ, ಏಕೆಂದರೆ ಅದೇ ಪುಸ್ತಕವನ್ನು ಯಾರು ಬೇಕಾದರೂ ಕೊಳ್ಳಬಹುದಿತ್ತು. ಉಪ್ಪಾರಪೇಟೆಯಲ್ಲಿ ಕುಳಿತ ವರ್ತಕರು ತಾವೆಂದೂ ಕಾಣದ ಹ್ಯಾಂಬರ್ಗಿನ ಖರೀದಿದಾರರಿಗೆ ಗುಟ್ಟಿನ ದರಪಟ್ಟಿಯನ್ನು ಕಳುಹಿಸಬೇಕಾದರೆ, ಮೊದಲು ಗುಟ್ಟಿನ ಲಿಪಿಯನ್ನು ಅವರಿಗೆ ಮುಟ್ಟಿಸುವುದು ಹೇಗೆ? ಈ ಪ್ರಶ್ನೆಗೆ ಸಾವಿರಾರು ವರ್ಷ ಉತ್ತರವಿರಲಿಲ್ಲ. ಉತ್ತರ ಪ್ರಕಟವಾಗಿದ್ದು 1976ರಲ್ಲಿ.

ಅದನ್ನು ವಿವರಿಸುವ ಮೊದಲು, ಅದು ನಮಗೇಕೆ ಬೇಕು ಎಂಬುದನ್ನು ನೋಡುವುದು ಲೇಸು.

ಒಂದು ಅಕ್ಷರ ಹಿಂದೆ ಮುಂದೆ

2015ರಲ್ಲಿ ನಮ್ಮ ದೇಶದ ಸಾರ್ವಜನಿಕ ವಲಯದ ತೈಲ ಸಂಸ್ಥೆ ಒ.ಎನ್.ಜಿ.ಸಿ. ಸೌದಿ ಅರೇಬಿಯಾದ ಖರೀದಿದಾರರಿಗೆ ಹಡಗಿನಲ್ಲಿ ನಾಫ್ತಾ ಕಳುಹಿಸಿತು. ಸರಕು ತಲುಪಿತು, ಹಣ ಮಾತ್ರ ಬರಲಿಲ್ಲ. ವಿಚಾರಿಸಿದಾಗ, ಹಣವನ್ನು ಆಗಲೇ ಪಾವತಿಸಿದ್ದೇವೆ, ನೀವೇ ಇ-ಮೇಲ್ ಮೂಲಕ ತಿಳಿಸಿದ ಹೊಸ ಖಾತೆಗೆ ಹಾಕಿದ್ದೇವೆ ಎಂಬ ಉತ್ತರ ಬಂದಿತು. ಆ ಪತ್ರವನ್ನು ಬರೆದವರು ವಂಚಕರು. ಸಂಸ್ಥೆಯ ವಿಳಾಸದಲ್ಲಿ ಎನ್ ಮತ್ತು ಜಿ ಅಕ್ಷರಗಳನ್ನು ಅದಲು ಬದಲು ಮಾಡಿ, ಓ.ಜಿ.ಎನ್.ಸಿ. ಎಂದು ಓದುವಂತಹ ವಿಳಾಸವನ್ನು ಸೃಷ್ಟಿಸಿಕೊಂಡಿದ್ದರು. ಪತ್ರಿಕೆಗಳು ವರದಿ ಮಾಡಿದಂತೆ ಸಿಲುಕಿಕೊಂಡ ಮೊತ್ತ ಸುಮಾರು 197 ಕೋಟಿ ರೂಪಾಯಿ. ಗೂಗಲ್ ಮತ್ತು ಫೇಸ್‌ಬುಕ್‌ನಂತಹ ಕಂಪನಿಗಳೂ 2013ರಿಂದ 2015ರ ನಡುವೆ ಇದೇ ಬಗೆಯ ಸುಳ್ಳು ಬಿಲ್ಲುಗಳಿಗೆ ಒಟ್ಟು 10 ಕೋಟಿ ಡಾಲರಿಗೂ ಮಿಗಿಲಾಗಿ ತೆತ್ತವು. ಆ ಬಿಲ್ಲುಗಳನ್ನು ಕಳುಹಿಸಿದ ಲಿಥುವೇನಿಯಾದ ವ್ಯಕ್ತಿಗೆ 2019ರಲ್ಲಿ ಅಮೆರಿಕದ ನ್ಯಾಯಾಲಯ 5 ವರ್ಷಗಳ ಸೆರೆಮನೆವಾಸವನ್ನು ವಿಧಿಸಿತು. ಅಮೆರಿಕದ ಎಫ್.ಬಿ.ಐ.ಗೆ 2023ರ ಒಂದೇ ವರ್ಷದಲ್ಲಿ ಬಂದ ದೂರುಗಳ ಪ್ರಕಾರ ಈ ಬಗೆಯ ವ್ಯಾಪಾರಿ ಇ-ಮೇಲ್ ವಂಚನೆಯಿಂದಾದ ನಷ್ಟ 290 ಕೋಟಿ ಡಾಲರ್.

ದೊಡ್ಡ ಸಂಸ್ಥೆಗಳು ಇಂತಹ ಪೆಟ್ಟನ್ನು ತಡೆದುಕೊಳ್ಳಬಲ್ಲವು. ಸದರ್ ಪತ್ರಪ್ಪ ರಸ್ತೆಯಲ್ಲಿ ಬಿಡಿಭಾಗಗಳನ್ನು ತರಿಸಿ ಮಾರುವ ವರ್ತಕರಾಗಲಿ, ಪೀಣ್ಯದಲ್ಲಿ ಎರಡು ಲೇತ್ ಯಂತ್ರಗಳನ್ನಿಟ್ಟುಕೊಂಡ ಉದ್ಯಮಿಯಾಗಲಿ ಒಂದು ಕಂತು ತಪ್ಪಿದ ಖಾತೆಗೆ ಹೋದರೆ ಆ ವರ್ಷವಿಡೀ ತಲೆ ಎತ್ತುವಂತಿಲ್ಲ. ಸಾಮಾನ್ಯ ಇ-ಮೇಲ್ ಒಂದು ಅಂಚೆ ಕಾರ್ಡಿನಂತೆ. ಈಚಿನ ವರ್ಷಗಳಲ್ಲಿ ದೊಡ್ಡ ಕಂಪನಿಗಳ ಸರ್ವರ್‌ಗಳ ನಡುವೆ ಸಾಗುವಾಗ ಅದಕ್ಕೆ ಲಕೋಟೆಯ ಮರೆ ದೊರೆಯುತ್ತದೆ, ನಿಜ. ಆದರೆ ಸರ್ವರ್‌ ತಲುಪಿದೊಡನೆ ಲಕೋಟೆ ಮತ್ತೆ ತೆರೆದುಕೊಳ್ಳುತ್ತದೆ. ನಮ್ಮ ಪಾಸ್‌ವರ್ಡನ್ನು ಕದ್ದವನು ವರ್ಷಗಟ್ಟಲೆಯ ದರಪಟ್ಟಿ, ಬಾಕಿ ಲೆಕ್ಕ, ಯಾರಿಗೆ ಎಷ್ಟು ರಿಯಾಯಿತಿ ಎಂಬುದೆಲ್ಲವನ್ನೂ ಸಾವಕಾಶವಾಗಿ ಓದಬಲ್ಲ. ಸುಳ್ಳು ಬಿಲ್ಲು ಸರಿಯಾದ ದಿನಕ್ಕೆ, ಸರಿಯಾದ ಮೊತ್ತಕ್ಕೆ, ನಮ್ಮದೇ ಧಾಟಿಯಲ್ಲಿ ಬಂದಿಳಿಯುವ ರಹಸ್ಯ ಇದೇ.

ಹುಂಡಿಯ ಉಪಾಯ

ನಮ್ಮ ವರ್ತಕರು ಹುಂಡಿಯೆಂದರೆ ದೇವರ ಹುಂಡಿಯನ್ನೂ ಬಲ್ಲರು, ಸಾಹುಕಾರರ ಹುಂಡಿಯನ್ನೂ ಬಲ್ಲರು. ಇಲ್ಲಿ ಹೇಳುತ್ತಿರುವುದು ಮೊದಲಿನದು. ದೇವಸ್ಥಾನದ ಹುಂಡಿಗೆ ಯಾರು ಬೇಕಾದರೂ ಕಾಣಿಕೆ ಹಾಕಬಹುದು. ಹಾಕಿದವನೂ ಅದನ್ನು ಮರಳಿ ತೆಗೆಯಲಾರ. ತೆರೆಯುವ ಅಧಿಕಾರ ಕೀಲಿಕೈ ಇದ್ದವರಿಗೆ ಮಾತ್ರ.

1976ರಲ್ಲಿ ಅಮೆರಿಕದ ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್‌ಮನ್ ಮುಂದಿಟ್ಟ ಕಲ್ಪನೆ ಹೆಚ್ಚುಕಡಿಮೆ ಇದೇ. ಪ್ರತಿಯೊಬ್ಬರಿಗೂ ಎರಡು ಕೀಲಿಗಳ ಒಂದು ಜೋಡಿ. ಒಂದು ಸಾರ್ವಜನಿಕ ಕೀಲಿ; ಇದನ್ನು ಊರಿಗೆಲ್ಲ ಹಂಚಬಹುದು, ವಿಸಿಟಿಂಗ್ ಕಾರ್ಡಿನಂತೆ. ಮತ್ತೊಂದು ಖಾಸಗಿ ಕೀಲಿ. ಇದು ಒಡೆಯನ ಕೈಬಿಟ್ಟು ಹೋಗಬಾರದು. ಸಾರ್ವಜನಿಕ ಕೀಲಿಯಿಂದ ಮುಚ್ಚಿದ ಪತ್ರವನ್ನು ಅದರ ಜೋಡಿಯಾದ ಖಾಸಗಿ ಕೀಲಿಯಿಂದಲ್ಲದೆ ತೆರೆಯಲಾಗದು. ಹ್ಯಾಂಬರ್ಗಿನವರು ತಮ್ಮ ಸಾರ್ವಜನಿಕ ಕೀಲಿಯನ್ನು ನಮಗೆ ಬಹಿರಂಗವಾಗಿಯೇ ಕಳುಹಿಸಲಿ. ದಾರಿಯಲ್ಲಿ ಯಾರಾದರೂ ಅದನ್ನು ನಕಲು ಮಾಡಿಕೊಂಡರೂ ಅವರಿಗೆ ಸಿಗುವುದು ಹುಂಡಿಯ ಬಾಯಿ ಮಾತ್ರ, ಕೀಲಿಕೈಯಲ್ಲ. ಗುಟ್ಟನ್ನು ಮೊದಲೇ ಹಂಚಿಕೊಳ್ಳುವ ತೊಡಕು ಹೀಗೆ ಇಲ್ಲವಾಯಿತು.

ಈ ಕಲ್ಪನೆಗೆ ಗಣಿತದ ರೂಪ ಕೊಟ್ಟವರು ಮರುವರ್ಷ ರಿವೆಸ್ಟ್, ಶಮೀರ್ ಮತ್ತು ಆಡಲ್‌ಮನ್ ಎಂಬ ಮೂವರು. ಅವರ ಹೆಸರುಗಳ ಮೊದಲಕ್ಷರಗಳಿಂದಲೇ ಆರ್.ಎಸ್.ಎ. ಎಂಬ ಹೆಸರು ಬಂದಿದೆ. ಬ್ರಿಟನ್ನಿನ ಗೂಢಚರ್ಯೆ ಇಲಾಖೆಯ ಗಣಿತಜ್ಞ ಕ್ಲಿಫರ್ಡ್ ಕಾಕ್ಸ್ ಇದನ್ನೇ 1973ರಲ್ಲಿ ಕಂಡುಕೊಂಡಿದ್ದರೂ ಆ ಸಂಗತಿ 1997ರವರೆಗೆ ಸರ್ಕಾರಿ ಕಡತದೊಳಗೇ ಉಳಿಯಿತು.

ಲೆಕ್ಕದಲ್ಲಿ ಆಸಕ್ತಿಯುಳ್ಳವರು ಕ್ಯಾಲ್ಕುಲೇಟರ್ ಹಿಡಿದು ಈ ಸಣ್ಣ ಉದಾಹರಣೆಯನ್ನು ಪರೀಕ್ಷಿಸಬಹುದು. 3 ಮತ್ತು 11 ಎಂಬ ಎರಡು ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸಿದರೆ 33. ನಮ್ಮ ಸಾರ್ವಜನಿಕ ಕೀಲಿ 33 ಮತ್ತು 3. ಖಾಸಗಿ ಕೀಲಿ 33 ಮತ್ತು 7. ಯಾರೋ ನಮಗೆ 4 ಎಂಬ ಅಂಕಿಯನ್ನು ಗುಟ್ಟಾಗಿ ಕಳುಹಿಸಬೇಕಾಗಿದೆ. ಅವರು 4ನ್ನು ಮೂರು ಬಾರಿ ಬರೆದು ಗುಣಿಸುತ್ತಾರೆ, 64 ಬರುತ್ತದೆ. ಅದನ್ನು 33ರಿಂದ ಭಾಗಿಸಿದರೆ ಉಳಿಯುವ ಶೇಷ 31. ದಾರಿಯಲ್ಲಿ ಸಾಗುವುದು ಈ 31 ಮಾತ್ರ. ನಾವು 31ನ್ನು ಏಳು ಬಾರಿ ಬರೆದು ಗುಣಿಸಿದಾಗ 27512614111 ಬರುತ್ತದೆ. 33ರಿಂದ ಭಾಗಿಸಿದರೆ ಶೇಷ 4. ಕಳುಹಿಸಿದ ಅಂಕಿ ಮರಳಿ ದೊರೆಯಿತು. 7 ಎಂಬ ಗುಟ್ಟನ್ನು ಕಂಡುಹಿಡಿಯಬೇಕಾದರೆ 33ನ್ನು 3 ಮತ್ತು 11 ಎಂದು ಒಡೆಯಬೇಕು. 33ನ್ನು ಶಾಲೆಯ ಮಕ್ಕಳೂ ಒಡೆಯುತ್ತಾರೆ. ಆದರೆ ಇಂದು ಬಳಕೆಯಲ್ಲಿರುವ 2048 ಬಿಟ್ ಕೀಲಿಗಳಲ್ಲಿ 33ರ ಸ್ಥಾನದಲ್ಲಿರುವುದು 617 ಅಂಕಿಗಳ ಸಂಖ್ಯೆ. 1977ರಲ್ಲಿ ಸವಾಲಾಗಿ ಪ್ರಕಟಿಸಲಾಗಿದ್ದ 129 ಅಂಕಿಗಳ ಸಂಖ್ಯೆಯೊಂದನ್ನು ಒಡೆಯಲು 1994ರವರೆಗೆ ಕಾಯಬೇಕಾಯಿತು. ಅದಕ್ಕೆ ಸುಮಾರು 600 ಸ್ವಯಂಸೇವಕರ ಗಣಕಯಂತ್ರಗಳು ತಿಂಗಳುಗಟ್ಟಲೆ ದುಡಿದವು. ಕೀಲಿ ಚಿಕ್ಕದಾದರೆ ಕಾಲ ಅದನ್ನು ಒಡೆಯುತ್ತದೆ ಎಂಬುದಕ್ಕೂ ಇದು ನಿದರ್ಶನ.

ಹೊಸದೆನಿಸಿದರೂ ಇದು ಸದಸ್ಯರಿಗೆ ಅಪರಿಚಿತವಾದುದಲ್ಲ. 2016ರಿಂದ ವಾಟ್ಸಾಪ್ ಸಂದೇಶಗಳೆಲ್ಲವೂ ಜೋಡಿ ಕೀಲಿಯ ತತ್ತ್ವದ ಮೇಲೆಯೇ ಮುಚ್ಚಿಕೊಂಡು ಸಾಗುತ್ತಿವೆ. ಅಲ್ಲಿ ಕೀಲಿಗಳನ್ನು ಫೋನೇ ನೋಡಿಕೊಳ್ಳುವುದರಿಂದ ನಮ್ಮ ಗಮನಕ್ಕೆ ಬರುವುದಿಲ್ಲ, ಅಷ್ಟೆ.

ಮುಚ್ಚುವುದಕ್ಕಿಂತ ಸಹಿ ಮುಖ್ಯ

ಜೋಡಿ ಕೀಲಿಗೆ ಇನ್ನೊಂದು ಗುಣವಿದೆ. ವ್ಯಾಪಾರಿಗಳಿಗೆ ಮೊದಲಿನದಕ್ಕಿಂತ ಇದೇ ಹೆಚ್ಚು ಬೆಲೆಯುಳ್ಳದ್ದೆಂದು ಈ ಲೇಖಕನ ಅಭಿಪ್ರಾಯ. ಕೀಲಿಗಳನ್ನು ತಿರುವುಮುರುವಾಗಿ ಬಳಸಿದರೆ ಅದು ಸಹಿಯಾಗುತ್ತದೆ. ಪತ್ರದ ಒಂದೊಂದು ಅಕ್ಷರವನ್ನೂ ಲೆಕ್ಕಕ್ಕೆ ತೆಗೆದುಕೊಂಡು ಗಣಕಯಂತ್ರ ಒಂದು ಸಂಖ್ಯೆಯನ್ನು ಕಂಡುಹಿಡಿಯುತ್ತದೆ. ಅದಕ್ಕೆ ಹ್ಯಾಶ್ ಎನ್ನುತ್ತಾರೆ. ಕಳುಹಿಸುವವರು ಆ ಸಂಖ್ಯೆಗೆ ತಮ್ಮ ಖಾಸಗಿ ಕೀಲಿಯ ಮುದ್ರೆಯೊತ್ತುತ್ತಾರೆ. ಪಡೆದವರು ಅದನ್ನು ಕಳುಹಿಸಿದವರ ಸಾರ್ವಜನಿಕ ಕೀಲಿಯಿಂದ ತಾಳೆ ನೋಡುತ್ತಾರೆ. ಖಾತೆಯ ಸಂಖ್ಯೆಯಲ್ಲಿ ಒಂದೇ ಒಂದು ಅಂಕಿ ಬದಲಾಗಿದ್ದರೂ ತಾಳೆಯಾಗುವುದಿಲ್ಲ. ಸುಳ್ಳು ವಿಳಾಸದಿಂದ ಬರೆಯುವವನ ಬಳಿ ನಮ್ಮ ಖಾಸಗಿ ಕೀಲಿ ಇರುವುದಿಲ್ಲವಾದ್ದರಿಂದ ನಮ್ಮ ಸಹಿಯನ್ನು ಅವನು ಹಾಕಲಾರ. ಪ್ರತಿ ಬಾರಿಯೂ ಸಹಿಯೊಡನೆ ಬರುತ್ತಿದ್ದ ಬಿಲ್ಲು ಒಮ್ಮೆ ಸಹಿಯಿಲ್ಲದೆ ಬಂದರೆ, ಅಥವಾ ಬೇರೆ ಹೆಸರಿನ ಸಹಿಯೊಡನೆ ಬಂದರೆ, ಅಷ್ಟೇ ಎಚ್ಚರಿಕೆ ಸಾಕು.

ಮುಚ್ಚಿದ ಪತ್ರಕ್ಕೆ ಸಹಿಯಿಲ್ಲದಿದ್ದರೆ ಅದನ್ನು ಯಾರು ಬರೆದರೆಂಬುದು ತಿಳಿಯದು. ಹುಂಡಿಯೊಳಗೆ ಯಾರು ಬೇಕಾದರೂ ಚೀಟಿ ಹಾಕಬಹುದಲ್ಲವೇ? ಆದುದರಿಂದ ಎರಡೂ ಸೇರಿದರೇ ಚೆನ್ನ.

ನಮ್ಮ ಕೀಲಿ ಯಾರ ಡ್ರಾಯರಿನಲ್ಲಿದೆ?

ಈಗ ಅಸಲು ವಿಷಯಕ್ಕೆ ಬರೋಣ. ಜೋಡಿ ಕೀಲಿಗಳನ್ನು ಹೊಸದಾಗಿ ಸಂಪಾದಿಸಬೇಕೆಂದು ಅನೇಕ ಸದಸ್ಯರು ಭಾವಿಸಿರಬಹುದು. ಕಂಪನಿಯ ನಿರ್ದೇಶಕರಾಗಿದ್ದರೆ, ಸರ್ಕಾರಿ ಟೆಂಡರಿನಲ್ಲಿ ಭಾಗವಹಿಸಿದ್ದರೆ, ಅದು ಈಗಾಗಲೇ ಅವರ ಹೆಸರಿನಲ್ಲಿದೆ. ಮಾಹಿತಿ ತಂತ್ರಜ್ಞಾನ ಅಧಿನಿಯಮ 2000ದ ಅಕ್ಟೋಬರ್ 17ರಂದು ಜಾರಿಗೆ ಬಂದು, ಜೋಡಿ ಕೀಲಿಯ ಡಿಜಿಟಲ್ ಸಹಿಗೆ ಕಾಗದದ ಮೇಲಿನ ಸಹಿಯಷ್ಟೇ ಮಾನ್ಯತೆ ನೀಡಿತು. 2006ರಲ್ಲಿ ಕಂಪನಿ ವ್ಯವಹಾರಗಳ ಸಚಿವಾಲಯದ ಎಂ.ಸಿ.ಎ.-21 ಯೋಜನೆ ಆರಂಭವಾದ ಮೇಲೆ ವಾರ್ಷಿಕ ವಿವರಗಳ ಸಲ್ಲಿಕೆಗೆ ಅದು ಅನಿವಾರ್ಯವಾಯಿತು. ನಮ್ಮ ರಾಜ್ಯದಲ್ಲಿ 2007ರಿಂದ ಅರಗಿನ ಮುದ್ರೆಯ ಟೆಂಡರ್ ಲಕೋಟೆಗಳ ಸ್ಥಾನದಲ್ಲಿ ಇ-ಪ್ರೊಕ್ಯೂರ್‌ಮೆಂಟ್ ಬಂದಿತು. ಜಿ.ಎಸ್.ಟಿ.ಯಲ್ಲಿ ಕಂಪನಿಗಳೂ ಎಲ್.ಎಲ್.ಪಿ.ಗಳೂ ಇದೇ ಸಹಿಯನ್ನು ಬಳಸಬೇಕು. ಪರವಾನಗಿ ಪಡೆದ ಪ್ರಮಾಣೀಕರಣ ಸಂಸ್ಥೆಗಳು ಈ ಪ್ರಮಾಣಪತ್ರವನ್ನು ನೀಡುತ್ತವೆ. ಅವುಗಳಲ್ಲೊಂದಾದ ಇ-ಮುದ್ರಾ ನಮ್ಮ ಬೆಂಗಳೂರಿನದೇ. ಪೆನ್‌ಡ್ರೈವಿನಂತೆ ಕಾಣುವ ಒಂದು ಯು.ಎಸ್.ಬಿ. ಟೋಕನ್ ಒಳಗೆ ಖಾಸಗಿ ಕೀಲಿ ಇರುತ್ತದೆ. ಅದು ಅಲ್ಲಿಂದ ಹೊರಗೆ ನಕಲಾಗದಂತೆ ರಚಿಸಲಾಗಿದೆ.

ಇಷ್ಟು ಭದ್ರವಾದ ಆ ಟೋಕನ್ ಈಗ ಎಲ್ಲಿದೆ? ಎಷ್ಟೋ ಮಂದಿಯ ಉತ್ತರ ಒಂದೇ: "ನಮ್ಮ ಆಡಿಟರ್ ಆಫೀಸಿನಲ್ಲಿದೆ." ಹಲವು ಲೆಕ್ಕಪರಿಶೋಧಕರ ಕಚೇರಿಗಳಲ್ಲಿ ಕಕ್ಷಿದಾರರ ಟೋಕನ್‌ಗಳನ್ನು ಹೆಸರಿನ ಚೀಟಿ ಅಂಟಿಸಿ ಡ್ರಾಯರಿನಲ್ಲಿ ಸಾಲಾಗಿ ಜೋಡಿಸಿಟ್ಟಿರುತ್ತಾರೆ, ಕೆಲವು ಚೀಟಿಗಳ ಮೇಲೆ ಪಿನ್ ಸಂಖ್ಯೆಯನ್ನೂ ಬರೆದಿರುತ್ತಾರೆ. ಅವರ ಪ್ರಾಮಾಣಿಕತೆಯನ್ನು ಇಲ್ಲಿ ಶಂಕಿಸುತ್ತಿಲ್ಲ. ಕೊನೆಯ ದಿನಾಂಕದ ಒತ್ತಡದಲ್ಲಿ ಕಕ್ಷಿದಾರರನ್ನು ಹುಡುಕಿಕೊಂಡು ಹೋಗಲಾಗದೆ ಹುಟ್ಟಿಕೊಂಡ ಅನುಕೂಲ ಇದು. ಆದರೆ ಸಹಿ ಹಾಕಿದ ಖಾಲಿ ಚೆಕ್ ಪುಸ್ತಕವನ್ನು ನಾವು ಯಾರ ಬಳಿಯೂ ಬಿಟ್ಟುಬರುವುದಿಲ್ಲ. ಟೋಕನ್ ಅದಕ್ಕಿಂತ ಹೆಚ್ಚಿನದು. ಚೆಕ್ಕಿನಿಂದ ಖಾತೆಯ ಹಣ ಹೋಗಬಹುದು. ಟೋಕನ್‌ನಿಂದ ನಿರ್ದೇಶಕರ ರಾಜೀನಾಮೆಯನ್ನು ಸಲ್ಲಿಸಬಹುದು, ಟೆಂಡರ್ ದರವನ್ನು ನಮೂದಿಸಬಹುದು, ಒಪ್ಪಂದಕ್ಕೆ ಒಪ್ಪಿಗೆ ಕೊಡಬಹುದು. ಕೈಬರಹದ ಸಹಿಯಾದರೆ ಇದು ನನ್ನದಲ್ಲವೆಂದು ತಜ್ಞರಿಂದ ಹೇಳಿಸಬಹುದು. ಇಲ್ಲಿ ಎಲ್ಲ ಸಹಿಯೂ ಒಂದೇ. ಟೋಕನ್ ಹಿಡಿದ ಕೈ ಯಾರದೆಂದು ಗಣಿತ ಹೇಳಲಾರದು.

ಕಾನೂನು ಈ ವಿಷಯದಲ್ಲಿ ಸಡಿಲ ಬಿಟ್ಟಿಲ್ಲ. ಅಧಿನಿಯಮದ 42ನೇ ಪ್ರಕರಣದಂತೆ ಖಾಸಗಿ ಕೀಲಿಯನ್ನು ತನ್ನ ಹತೋಟಿಯಲ್ಲಿರಿಸಿಕೊಳ್ಳಲು ಪ್ರಮಾಣಪತ್ರದ ಒಡೆಯನು ಯುಕ್ತವಾದ ಎಚ್ಚರಿಕೆ ವಹಿಸಬೇಕು. ಕೀಲಿ ಅನ್ಯರ ವಶವಾಯಿತೆಂದು ತಿಳಿದೊಡನೆ ತಡಮಾಡದೆ ಪ್ರಮಾಣೀಕರಣ ಸಂಸ್ಥೆಗೆ ತಿಳಿಸಬೇಕು. ಹಾಗೆ ತಿಳಿಸುವವರೆಗೆ ಹೊಣೆ ಒಡೆಯನದೇ ಎಂದು ಅದೇ ಪ್ರಕರಣದ ವಿವರಣೆ ಸ್ಪಷ್ಟಪಡಿಸುತ್ತದೆ. ಟೋಕನ್ ಕಳೆದುಹೋದರೆ ಪೊಲೀಸ್ ಠಾಣೆಗಿಂತ ಮೊದಲು ಹೋಗಬೇಕಾದದ್ದು ಪ್ರಮಾಣಪತ್ರ ಕೊಟ್ಟವರ ಬಳಿಗೆ, ಅದನ್ನು ರದ್ದುಪಡಿಸಲು.

ಹಾಗಾದರೆ ಆಡಿಟರ್‌ಗೆ ತೊಂದರೆಯಾಗದೇ? ಸ್ವಲ್ಪ ಆಗುತ್ತದೆ. ಅವರು ನಮೂನೆಯನ್ನು ತುಂಬಿ ಸಿದ್ಧಪಡಿಸಿದ ಮೇಲೆ ಟೋಕನ್ ಹಿಡಿದು ಅವರ ಕಚೇರಿಗೆ ಹೋಗಿ, ಏನನ್ನು ಸಲ್ಲಿಸುತ್ತಿದ್ದೇವೆಂದು ಓದಿ, ಪಿನ್ ಒತ್ತಿ, ಟೋಕನ್ ಹಿಡಿದು ಮರಳಬೇಕು. ವರ್ಷದಲ್ಲಿ ಕೆಲವೇ ಬಾರಿ ಬರುವ ಈ ಶ್ರಮವನ್ನು ಉಳಿಸಿಕೊಳ್ಳಲು ಹೋಗಿ ಕೀಲಿಯನ್ನೇ ಒಪ್ಪಿಸಿಬಿಡುವುದು ಲಾಭದ ಲೆಕ್ಕವಲ್ಲ.

ಬಳಕೆಗೆ ಬೇಕಾದ ತಿಳಿವಳಿಕೆ

ಸಾಮಾನ್ಯವಾಗಿ ಕೊಳ್ಳುವ ಪ್ರಮಾಣಪತ್ರ ಸಹಿಗೆ ಮಾತ್ರ. ಪತ್ರಗಳನ್ನು ಮುಚ್ಚಲು ಗೂಢಲಿಪೀಕರಣದ ಪ್ರತ್ಯೇಕ ಪ್ರಮಾಣಪತ್ರ ಬೇಕು. ಟೆಂಡರಿನಲ್ಲಿ ಭಾಗವಹಿಸುವವರು ಎರಡನ್ನೂ ಒಟ್ಟಿಗೆ ಪಡೆಯುವುದುಂಟು. 2021ರ ಜನವರಿಯಿಂದ 2ನೇ ವರ್ಗದ ಪ್ರಮಾಣಪತ್ರಗಳು ನಿಂತು, ಈಗ ವಿತರಣೆಯಾಗುವುದು 3ನೇ ವರ್ಗದವು. ಅರ್ಜಿ ಹಾಕುವಾಗ ವ್ಯವಹಾರಕ್ಕೆ ಬಳಸುವ ಇ-ಮೇಲ್ ವಿಳಾಸವನ್ನೇ ಪ್ರಮಾಣಪತ್ರದಲ್ಲಿ ನಮೂದಿಸುವಂತೆ ಕೇಳಿಕೊಳ್ಳಬೇಕು, ಇಲ್ಲವಾದರೆ ಇ-ಮೇಲ್ ತಂತ್ರಾಂಶ ಅದನ್ನು ಒಪ್ಪುವುದಿಲ್ಲ. ಗಣಕಯಂತ್ರದಲ್ಲಿ ಔಟ್‌ಲುಕ್ ಅಥವಾ ಉಚಿತವಾಗಿ ದೊರೆಯುವ ಥಂಡರ್‌ಬರ್ಡ್ ಸಾಕು. ಮೊದಲು ಎರಡೂ ಕಡೆಯವರು ಸಹಿಯಿರುವ ಒಂದು ಸಾದಾ ಪತ್ರವನ್ನು ವಿನಿಮಯ ಮಾಡಿಕೊಂಡರೆ ಸಾರ್ವಜನಿಕ ಕೀಲಿ ಅದರೊಡನೆಯೇ ತಲುಪುತ್ತದೆ. ಅನಂತರ ಮುಚ್ಚಿದ ಪತ್ರಗಳು ಆರಂಭವಾಗಬಹುದು.

ಪ್ರಮಾಣೀಕರಣ ಸಂಸ್ಥೆಯ ಗೊಡವೆಯೇ ಬೇಡವೆನ್ನುವವರಿಗೆ ಪಿ.ಜಿ.ಪಿ. ಎಂಬ ಮತ್ತೊಂದು ದಾರಿಯಿದೆ. 1991ರಲ್ಲಿ ಫಿಲ್ ಜಿಮ್ಮರ್‌ಮನ್ ಇದನ್ನು ರಚಿಸಿ ಉಚಿತವಾಗಿ ಹಂಚಿದರು; ಆ ಕಾರಣಕ್ಕೆ ಅಮೆರಿಕ ಸರ್ಕಾರ ಶಸ್ತ್ರಾಸ್ತ್ರ ರಫ್ತಿನ ಕಾನೂನಿನಡಿ ಅವರ ಮೇಲೆ ಹೂಡಿದ್ದ ತನಿಖೆಯನ್ನು 1996ರಲ್ಲಿ ಕೈಬಿಟ್ಟಿತು. 2020ರಿಂದ ಥಂಡರ್‌ಬರ್ಡಿನೊಳಗೇ ಇದರ ಸೌಲಭ್ಯವಿದೆ. ಕೀಲಿಯನ್ನು ನಾವೇ ತಯಾರಿಸಿಕೊಳ್ಳಬಹುದು, ಖರ್ಚಿಲ್ಲ. ಆದರೆ ಇಲ್ಲಿ ಈ ಕೀಲಿ ಇಂಥವರದೇ ಎಂದು ಸಾಕ್ಷಿ ಹೇಳುವ ಸಂಸ್ಥೆಯಿಲ್ಲ. ಕೀಲಿಯ ಬೆರಳಚ್ಚು ಎನ್ನುವ ಅಂಕಿ-ಅಕ್ಷರಗಳ ಸಾಲೊಂದಿರುತ್ತದೆ. ಮೊದಲ ಬಾರಿ ಅದನ್ನು ಫೋನಿನಲ್ಲಿ, ದನಿಯ ಗುರುತಿರುವವರೊಡನೆ, ಓದಿ ಹೇಳಿ ತಾಳೆ ನೋಡಿಕೊಳ್ಳಬೇಕು. ಇದನ್ನು ಬಿಟ್ಟರೆ ವಂಚಕನ ಕೀಲಿಯನ್ನೇ ಗೆಳೆಯರದೆಂದು ನಂಬಿ ಅವನಿಗೇ ಭದ್ರವಾಗಿ ಪತ್ರ ಬರೆದಂತಾಗುತ್ತದೆ.

ಇದರ ಮಿತಿಗಳೂ ತಿಳಿದಿರಲಿ. ಪತ್ರದ ಒಡಲು ಮುಚ್ಚಿದರೂ ಯಾರಿಂದ ಯಾರಿಗೆ ಎಂಬುದು ಮುಚ್ಚುವುದಿಲ್ಲ. ಎಷ್ಟೋ ವೇಳೆ ವಿಷಯದ ಸಾಲೂ ತೆರೆದೇ ಇರುತ್ತದೆ. ಆದುದರಿಂದ ಆ ಸಾಲಿನಲ್ಲಿ ದರ ಬರೆಯಬೇಡಿ. ಎರಡೂ ಕಡೆಯವರಿಗೆ ಕೀಲಿಯಿಲ್ಲದಿದ್ದರೆ ಮುಚ್ಚುವ ಪ್ರಶ್ನೆಯೇ ಬಾರದು, ಯು.ಎಸ್.ಬಿ. ಟೋಕನ್ ಇದ್ದವರು ಫೋನಿನಲ್ಲಿ ಪತ್ರ ಓದಲು ತೊಡಕಾಗುತ್ತದೆ. ಪತ್ರ ಮುಚ್ಚಿದ ಮಾತ್ರಕ್ಕೆ ಇಡೀ ವ್ಯವಸ್ಥೆ ಭದ್ರವಾಗುವುದೂ ಇಲ್ಲ. 2019ರಲ್ಲಿ ನಮ್ಮ ರಾಜ್ಯದ ಇ-ಪ್ರೊಕ್ಯೂರ್‌ಮೆಂಟ್ ವ್ಯವಸ್ಥೆಯೊಳಕ್ಕೆ ನುಸುಳಿ ಟೆಂಡರ್‌ದಾರರ ಠೇವಣಿಯ 11 ಕೋಟಿ ರೂಪಾಯಿಗೂ ಹೆಚ್ಚು ಹಣವನ್ನು ಬೇರೆ ಖಾತೆಗಳಿಗೆ ಸಾಗಿಸಿದ ಪ್ರಕರಣ ಸಿ.ಐ.ಡಿ. ತನಿಖೆಗೆ ಒಳಗಾದುದು ಸದಸ್ಯರಿಗೆ ನೆನಪಿರಬಹುದು. ಇನ್ನು, ಮುಚ್ಚಿದ್ದನ್ನು ತೆರೆದು ತೋರಿಸಲು ಅಧಿನಿಯಮದ 69ನೇ ಪ್ರಕರಣದಡಿ ಸರ್ಕಾರ ಆದೇಶಿಸಬಹುದು. ಸಹಕರಿಸದಿದ್ದರೆ 7 ವರ್ಷಗಳವರೆಗೆ ಸೆರೆಮನೆವಾಸಕ್ಕೆ ಅವಕಾಶವಿದೆ.

ಎಲ್ಲ ಪತ್ರಗಳಿಗೂ ಇಷ್ಟೆಲ್ಲ ಬೇಕೆಂದು ಹೇಳುವುದು ಅತಿಯಾದೀತು. ಲಾರಿ ಹೊರಟಿತೆಂದು ತಿಳಿಸುವ ಪತ್ರಕ್ಕೆ ಬೀಗವೇಕೆ? ದರಪಟ್ಟಿ, ನಕ್ಷೆ, ಸಂಬಳದ ಪಟ್ಟಿ, ಪಾಲುದಾರರ ನಡುವಿನ ಮಾತುಕತೆಗಳಿಗೆ ಬೀಗ ಹಾಕಬೇಕು. ಬಿಲ್ಲು ಮತ್ತು ಬ್ಯಾಂಕ್ ಖಾತೆಯ ವಿವರ ಹೊತ್ತ ಯಾವ ಪತ್ರವೂ ಸಹಿಯಿಲ್ಲದೆ ಹೊರಡಬಾರದು. ಖಾತೆ ಬದಲಾಯಿತೆಂದು ಪತ್ರ ಬಂದರೆ, ಸಹಿ ಇರಲಿ ಇಲ್ಲದಿರಲಿ, ಆ ಪತ್ರದಲ್ಲಿ ಕೊಟ್ಟ ಸಂಖ್ಯೆಗಲ್ಲ, ನಮ್ಮ ಹಳೆಯ ಪುಸ್ತಕದಲ್ಲಿರುವ ಸಂಖ್ಯೆಗೆ ಫೋನ್ ಮಾಡಿ ಕೇಳಬೇಕು. ಹಣ ಹೋಗಿಯೇಬಿಟ್ಟಿದ್ದರೆ ಆ ಕ್ಷಣವೇ ಬ್ಯಾಂಕಿಗೂ 1930 ಸಹಾಯವಾಣಿಗೂ ತಿಳಿಸಬೇಕು. ಇಲ್ಲಿ ಗಂಟೆಗಳ ಲೆಕ್ಕ, ದಿನಗಳದಲ್ಲ.

ಹಳೆಯ ಟೋಕನ್‌ಗಳ ಬಗ್ಗೆ ಒಂದು ಮಾತು ಉಳಿಯಿತು. ಪ್ರಮಾಣಪತ್ರದ ಅವಧಿ ಗರಿಷ್ಠ 3 ವರ್ಷ. ಅವಧಿ ಮುಗಿದೊಡನೆ ಟೋಕನ್ನನ್ನು ಫಾರ್ಮ್ಯಾಟ್ ಮಾಡಿ ಹೊಸದನ್ನು ತುಂಬಿಸುವುದು ರೂಢಿ. ಗೂಢಲಿಪೀಕರಣದ ಕೀಲಿ ಅದರಲ್ಲಿದ್ದರೆ ಹಾಗೆ ಮಾಡಬೇಡಿ. ಆ ಕೀಲಿಗಾಗಿ ಮುಚ್ಚಿ ಬಂದ ಹಳೆಯ ಪತ್ರಗಳನ್ನು ಮತ್ತೆ ಯಾರೂ ತೆರೆಯಲಾರರು, ಪ್ರಮಾಣಪತ್ರ ಕೊಟ್ಟವರೂ ಸಹ. ಪಿನ್ ಸಂಖ್ಯೆಯನ್ನು ಮತ್ತೆ ಮತ್ತೆ ತಪ್ಪಾಗಿ ಒತ್ತಿದರೂ ಟೋಕನ್ ಸ್ತಬ್ಧವಾಗುತ್ತದೆ. ಲೆಕ್ಕದ ಪುಸ್ತಕಗಳನ್ನು ಎಷ್ಟು ವರ್ಷ ಕಾಯ್ದಿಡುತ್ತೇವೆಯೋ ಅಷ್ಟು ವರ್ಷ ಹಳೆಯ ಟೋಕನ್ನನ್ನೂ ದಿನಾಂಕದ ಚೀಟಿ ಅಂಟಿಸಿ ತಿಜೋರಿಯಲ್ಲಿಡಿ. ಪಿನ್ ಸಂಖ್ಯೆ ಮಾತ್ರ ಆ ಚೀಟಿಯ ಮೇಲೆ ಇರದಿರಲಿ.